ಕೋಲ್ಡ್ ಫ್ರಂಟ್ ಮುಂದೆ ಉರುಳಿ ಬರುವ ಮೋಡ: ಗುರುತಿಸೋದು ಹೇಗೆ

ನಾವಿರೋದು ಅಮೆರಿಕದ ಒಕ್ಲಹೋಮಾದ ನಾರ್ಮನ್‌ನಲ್ಲಿ. ಅಕ್ಟೋಬರ್ ಬಂತೆಂದರೆ ಉತ್ತರದಿಂದ ಕೋಲ್ಡ್ ಫ್ರಂಟ್‌ಗಳು (ನುಗ್ಗಿ ಬರುವ ತಣ್ಣನೆಯ ಗಾಳಿಯ ಮುಂಚೂಣಿ) ಒಂದರ ಹಿಂದೊಂದು ಇಳಿಯುತ್ತವೆ. ಒಮ್ಮೊಮ್ಮೆ ಬೆಳಗಿನ ಜಾವ ಅದರ ಮುಂದೆ, ಸುತ್ತಿದ ಚಾಪೆಯ ಹಾಗೆ, ಉದ್ದನೆಯ ಮೋಡವೊಂದು ಬರುತ್ತದೆ. ಫೋಟೊ ತೆಗೆದು ‘ಸುಂಟರಗಾಳಿ’ ಅಂತ ವಾಟ್ಸಾಪ್‌ಗೆ ಹಾಕಬೇಡಿ, ತಾಳಿ.

ಮೊದಲು ಮೋಡದ ಹಿಂಬದಿ ನೋಡಿ. ದೊಡ್ಡ ಮಳೆಮೋಡಕ್ಕೆ ಅಂಟಿಕೊಂಡಿದ್ದರೆ ಅದು ಶೆಲ್ಫ್ ಮೋಡ. ಸುಮ್ಮನೆ ಮನೆಯೊಳಗೆ ಹೋಗಿ. ಯಾವುದಕ್ಕೂ ಅಂಟದೆ ಒಂಟಿಯಾಗಿದ್ದರೆ ರೋಲ್ ಮೋಡ.

ಆದರೆ ನಿಮ್ಮ ತಲೆ ಮೇಲೆ ದಾಟಿದ್ದು ಫ್ರಂಟೋ, ಅದು ಎಬ್ಬಿಸಿದ ಗುರುತ್ವ ಅಲೆಯೋ? ರಾತ್ರಿ ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯದು ಕೂತಿರುತ್ತದೆ. ಫ್ರಂಟ್ ಬಂದು ತಳ್ಳಿದಾಗ ಕೆಳಗಿನ ಗಾಳಿ ಮೇಲೇಳುತ್ತದೆ, ಭಾರಕ್ಕೆ ಕುಸಿಯುತ್ತದೆ, ಮತ್ತೆ ಏಳುತ್ತದೆ. ಈ ಏರಿಳಿತವೇ ಗುರುತ್ವ ಅಲೆ. ಅದು ಫ್ರಂಟ್‌ಗಿಂತ ಮುಂದೆ ಓಡುತ್ತದೆ. ಏಳುವಲ್ಲಿ ಮೋಡ ಕಟ್ಟುತ್ತದೆ, ಇಳಿಯುವಲ್ಲಿ ಕರಗುತ್ತದೆ. ಮೋಡ ಹಿಂದಕ್ಕೆ ಉರುಳಿದಂತೆ ಕಾಣೋದು ಅದಕ್ಕೇ.

ಇದನ್ನು ಕಣ್ಣಲ್ಲಿ ತೀರ್ಮಾನಿಸೋಕೆ ಆಗಲ್ಲ. ನಾನು ಒಕ್ಲಹೋಮಾ ಮೆಸೊನೆಟ್ (ರಾಜ್ಯದ ಹವಾಮಾನ ಕೇಂದ್ರಗಳ ಜಾಲ) ತೆರೆಯುತ್ತೇನೆ. 1994ರಿಂದ ನಡೀತಿದೆ, 77 ಕೌಂಟಿಗಳಲ್ಲೂ ಕನಿಷ್ಠ ಒಂದೊಂದು ಕೇಂದ್ರ, 5 ನಿಮಿಷಕ್ಕೊಮ್ಮೆ ಲೆಕ್ಕ. ಒತ್ತಡ ಮತ್ತು ತಾಪಮಾನದ ಗೆರೆಗಳನ್ನು ಒಟ್ಟಿಗೆ ನೋಡಿ. ಒತ್ತಡ ಥಟ್ಟನೆ ಏರಿ, ತಾಪಮಾನ ಇಳಿಯದಿದ್ದರೆ ಅಲೆ. ಕೆಲವು ಸಲ ಮೇಲಿನ ಬೆಚ್ಚನೆಯ ಗಾಳಿ ಕೆಳಗೆ ಬೆರೆತು ತಾಪಮಾನ ಚೂರು ಏರೋದೂ ಉಂಟು. ಆಮೇಲೆ ಒತ್ತಡದ ಗೆರೆ ಏರಿಳಿಯುತ್ತಲೇ ಇರುತ್ತದೆ. ಒತ್ತಡ ಏರಿ ತಾಪಮಾನ ಧಡಕ್ಕನೆ ಬಿದ್ದು, ಉತ್ತರದ ಗಾಳಿ ನಿಲ್ಲದೆ ಬೀಸಿದರೆ ಫ್ರಂಟೇ ಬಂದಿದೆ.

ಫೋನಿನ ಬ್ಯಾರೋಮೀಟರ್ ಕೂಡ ಸಾಕು, ಮೇಜಿನ ಮೇಲಿಟ್ಟು ಮುಟ್ಟಬೇಡಿ. ಒಂದು ಮಹಡಿ ಹತ್ತಿದರೇ ಒತ್ತಡ ಮೂರನೇ ಒಂದು ಮಿಲಿಬಾರ್ ಇಳಿಯುತ್ತದೆ. ಅಲೆಯ ಜಿಗಿತವೇ ಎಷ್ಟೋ ಸಲ ಒಂದೆರಡು ಮಿಲಿಬಾರ್ ಅಷ್ಟೆ.

ರೇಡಾರ್‌ನಲ್ಲಿ ತೆಳ್ಳನೆಯ ಗೆರೆಗಳು ಒಂದರ ಹಿಂದೊಂದು ಸಾಲಾಗಿ ಬಂದರೆ ಅಲೆಯ ಅನುಮಾನ ಬಲವಾಗುತ್ತದೆ. ಉಪಗ್ರಹ ಚಿತ್ರಕ್ಕೆ ಸೂರ್ಯ ಹುಟ್ಟುವವರೆಗೆ ಕಾಯಿರಿ. ಇಷ್ಟು ಕೆಳಗಿನ ಮೋಡ ರಾತ್ರಿಯ ಇನ್ಫ್ರಾರೆಡ್‌ನಲ್ಲಿ ನೆಲದಿಂದ ಬೇರೆಯಾಗಿ ಕಾಣೋದು ಕಷ್ಟ. ಚಿತ್ರದ ಮೇಲಿನ ಸಮಯ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ಇಲ್ಲಿಯವರು ಚಳಿಗಾಲದಲ್ಲಿ 6 ಗಂಟೆ, ಬೇಸಿಗೆಯಲ್ಲಿ 5 ಗಂಟೆ ಕಳೆಯಿರಿ.