ಲಾಫ್ಟ್‌ಗೆ ಗ್ಲಾಸ್‌ವೂಲ್ ಹಾಸಿದ್ದು, ಅದಕ್ಕೂ ಮೊದಲು ಸಾಮಾನು ಇಳಿಸಿದ್ದು

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆ 1970ರ ದಶಕದ್ದು. ಇನ್ಸುಲೇಶನ್ (ಬಿಸಿ ಹೊರಹೋಗದಂತೆ ತಡೆಯುವ ಪದರ) ಇಲ್ಲದ ಮನೆಯ ಬಿಸಿಯಲ್ಲಿ ಸುಮಾರು ಕಾಲುಭಾಗ ಮಾಡಿನ ಮೂಲಕವೇ ಹೊರಟುಹೋಗುತ್ತದೆ ಎಂಬುದು ಇಲ್ಲಿ ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಗ್ಲಾಸ್‌ವೂಲ್, ಅಂದರೆ ಗಾಜಿನ ಎಳೆಗಳ ಉಣ್ಣೆ, ಹಾಸುವುದಾದರೆ ಅದು 270 ಮಿಲಿಮೀಟರ್ ದಪ್ಪವಿರಬೇಕೆಂಬುದು ಈಗಿನ ಶಿಫಾರಸು. ನಮ್ಮ ಲಾಫ್ಟ್‌ನಲ್ಲಿ, ಅಂದರೆ ಮಾಡಿಗೂ ಚಾವಣಿಗೂ ನಡುವಿನ ಜಾಗದಲ್ಲಿ, ಇದ್ದದ್ದು ತೊಲೆಗಳ ನಡುವಿನ ಹಳೆಯ ತೆಳು ಪದರ, ಅದರ ಮೇಲೆ ಹಿಂದಿನ ಮಾಲೀಕರು ತೊಲೆಗಳಿಗೇ ಸ್ಕ್ರೂ ಹೊಡೆದು ಕೂರಿಸಿದ್ದ ಚಿಪ್‌ಬೋರ್ಡ್, ಅದರ ಮೇಲೆ ಸೂರಿನ ಅಂಚಿನವರೆಗೂ ತುಂಬಿದ್ದ ನಮ್ಮ ಸಾಮಾನು. ಗ್ಲಾಸ್‌ವೂಲ್ ಬಿಸಿಯನ್ನು ತಡೆಯುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ; ಹಲಗೆಯಿಂದ ಅದುಮಿದಷ್ಟೂ ಆ ಗುಣ ಕಡಿಮೆಯಾಗುತ್ತದೆ. ಆದ್ದರಿಂದ ಹೊಸ ಸುರುಳಿಗಳನ್ನು ಕೊಳ್ಳುವ ಮೊದಲು ಸಾಮಾನಿನ ವಿಚಾರ ಇತ್ಯರ್ಥವಾಗಲೇಬೇಕಿತ್ತು.

ಸಾಮಾನಿನ ವಿಷಯದಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿಯೊಂದಿದೆ. ಇನ್ಸುಲೇಶನ್ ಚೆನ್ನಾದಷ್ಟೂ ಕೆಳಗಿನ ಕೋಣೆಗಳು ಬೆಚ್ಚಗಾಗುತ್ತವೆ, ಲಾಫ್ಟ್ ಮಾತ್ರ ಇನ್ನಷ್ಟು ತಣ್ಣಗಾಗುತ್ತದೆ. ಕೆಳಗಿನಿಂದ ನುಸುಳಿ ಬಂದ ತೇವದ ಗಾಳಿ ಆ ತಣ್ಣನೆಯ ಮಾಡಿಗೆ ತಾಗಿ ಹನಿಗಟ್ಟುತ್ತದೆ. ದಿನವೂ ಅನ್ನ, ಸಾರು ಕುದಿಯುವ, ಚಳಿಗಾಲವಿಡೀ ಬಟ್ಟೆಗಳನ್ನು ಒಳಗೇ ಒಣಗಿಸುವ ನಮ್ಮಂಥವರ ಮನೆಗಳಲ್ಲಿ ಆವಿಗೆ ಕೊರತೆಯೇ ಇಲ್ಲ. ನನ್ನ ಹೆಂಡತಿಗೆ ತವರಿನವರು ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಬಿಚ್ಚಿ ನೋಡಿದಾಗ ಪಂಚೆಯಲ್ಲಿ ಮುಗ್ಗಲು ವಾಸನೆಯಿತ್ತು. ರಾಜನ ಪೇಟದ ಅಂಚಿನಲ್ಲಿ ಬಣ್ಣ ಸಣ್ಣ ಹಕ್ಕಳೆಯಾಗಿ ಎದ್ದಿತ್ತು, ಉಗುರು ತಾಗಿದರೆ ಸಾಕು ಉದುರುವಂತಿತ್ತು. ಮರ ತೇವಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಹೆಂಚಿನ ಕೆಳಗಿನ ಕಾವಿಗೆ ಕುಗ್ಗುತ್ತದೆ. ಬಣ್ಣ ಅದರೊಡನೆ ಹಿಗ್ಗಿ ಕುಗ್ಗಲಾರದು. ಗೊಂಬೆ, ರೇಷ್ಮೆ ಸೀರೆ, ಪುಸ್ತಕ, ಫೋಟೊ ಆಲ್ಬಂ ಇವೆಲ್ಲ ಈಗ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿವೆ. ಊರಿಗೆ ಹೋಗುವ ದೊಡ್ಡ ಸೂಟ್‌ಕೇಸುಗಳಿಗೆ ಮತ್ತು ಹಬ್ಬದ ಸ್ಟೀಲ್ ಪಾತ್ರೆಗಳಿಗೆ ಮಾತ್ರ ಲಾಫ್ಟ್ ಸಾಕು. ಟಿವಿ, ಮಿಕ್ಸಿಗಳ ಖಾಲಿ ಡಬ್ಬಗಳನ್ನು ಮರುಮಾತಿಲ್ಲದೆ ರೀಸೈಕ್ಲಿಂಗ್‌ಗೆ ಹಾಕಿದೆವು.

ಭಾರದ ಲೆಕ್ಕವನ್ನೂ ಮರೆಯಬಾರದು. ಇಂಥ ಮನೆಗಳ ಮಾಡನ್ನು ಕಾರ್ಖಾನೆಯಲ್ಲಿ ಜೋಡಿಸಿದ ಮರದ ಟ್ರಸ್‌ಗಳು (ತ್ರಿಕೋನ ಚೌಕಟ್ಟುಗಳು) ಹೊತ್ತಿರುತ್ತವೆ. ಅವುಗಳ ಕೆಳ ತೊಲೆಗಳು ಚಾವಣಿಯನ್ನು ಹಿಡಿದಿಡಲು ಇರುವಂಥವೇ ಹೊರತು ಉಗ್ರಾಣದ ನೆಲವಾಗಲು ಅಲ್ಲ. ಚದರ ಮೀಟರಿಗೆ ಸುಮಾರು 25 ಕಿಲೋ ಹಗುರ ಸಾಮಾನು ಎಂಬುದೇ ವಿನ್ಯಾಸದಲ್ಲಿ ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ವಿಮಾನಕ್ಕೆಂದು ತುಂಬಿದ ಒಂದು ಸೂಟ್‌ಕೇಸೇ ಅಷ್ಟು ತೂಗುತ್ತದೆ.

ಹಲಗೆಗಳನ್ನು ಬಿಚ್ಚಿದ ಮೇಲೆ ಕೆಲಸ ಸರಳವಾಗಿತ್ತು. ಮಾಸ್ಕ್, ಕೈಗವಸು, ಕನ್ನಡಕ, ತುಂಬುತೋಳಿನ ಅಂಗಿ ಹಾಕಿಕೊಂಡು, ತೊಲೆಗಳ ಮೇಲೆ ಅಡ್ಡಲಾಗಿಟ್ಟ ಹಲಗೆಯ ಮೇಲೆ ಕುಳಿತೇ ಕೆಲಸ ಮಾಡಿದೆ. ತೊಲೆಗಳ ನಡುವೆ ಇರುವುದು ಬರೀ ಪ್ಲಾಸ್ಟರ್‌ಬೋರ್ಡ್, ಅದರ ಮೇಲೆ ಕಾಲಿಟ್ಟರೆ ಮಲಗುವ ಕೋಣೆಗೇ ಇಳಿಯಬೇಕಾಗುತ್ತದೆ. ಹೊಸದನ್ನು ಹಾಸುವ ಮೊದಲು ಕೊಳವೆ, ವೈರುಗಳು ಚಾವಣಿಯನ್ನು ತೂರಿ ಬರುವ ಸಂದುಗಳನ್ನು ಮುಚ್ಚಿದೆ. ಬಚ್ಚಲಿನ ಫ್ಯಾನ್‌ನ ಕೊಳವೆ ಲಾಫ್ಟ್‌ನೊಳಗೇ ಬಾಯಿ ತೆರೆದುಕೊಂಡಿತ್ತು. ಅದನ್ನು ಮಾಡಿನಿಂದಾಚೆಗೆ ಒಯ್ಯಿಸಿದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ. ಆಮೇಲೆ ತೊಲೆಗಳ ನಡುವೆ 100 ಮಿಲಿಮೀಟರ್, ಅದರ ಮೇಲೆ ಅಡ್ಡಲಾಗಿ 170 ಮಿಲಿಮೀಟರ್ ಹಾಸಿದೆ. ಅಡ್ಡಪದರ ತೊಲೆಗಳನ್ನೂ ಮುಚ್ಚುವುದರಿಂದ ಮರದ ಮೂಲಕ ಸೋರುವ ಬಿಸಿಯೂ ಕಡಿಮೆಯಾಗುತ್ತದೆ. ಸೂರಿನ ಬಳಿ ಗಾಳಿಯಾಡಲು ಸುಮಾರು 50 ಮಿಲಿಮೀಟರ್ ಸಂದು ಬಿಟ್ಟೆ. ಆ ಜಾಗಕ್ಕೆ ಉಣ್ಣೆಯನ್ನೂ ಪೆಟ್ಟಿಗೆಗಳನ್ನೂ ತುರುಕಿದರೆ ತೇವ ಹೊರಹೋಗಲು ದಾರಿಯಿರುವುದಿಲ್ಲ. ತಣ್ಣೀರಿನ ಟ್ಯಾಂಕಿನ ಕೆಳಗೆ ಏನನ್ನೂ ಹಾಸದೆ, ಅದರ ಸುತ್ತ ಮತ್ತು ಮೇಲೆ ಹೊದಿಕೆ ಹಾಕಿದೆ, ಏಕೆಂದರೆ ಕೆಳಗಿನಿಂದ ಏರುವ ಕಾವೇ ಅದು ಹೆಪ್ಪುಗಟ್ಟದಂತೆ ಕಾಯುತ್ತದೆ. ಎಲೆಕ್ಟ್ರಿಕ್ ಶವರ್‌ನ ಕೇಬಲ್ ಉಣ್ಣೆಯಡಿ ಹೂತುಹೋದರೆ ಬಿಸಿಯಾಗುವ ಅಪಾಯವಿದೆ. ಅದನ್ನು ಎಲೆಕ್ಟ್ರಿಷಿಯನ್ ಒಬ್ಬರು ಪರೀಕ್ಷಿಸಿ ಮೇಲ್ಭಾಗದಲ್ಲಿ ಎಳೆದರು. ಲಾಫ್ಟ್‌ನ ಬಾಗಿಲಿಗೆ ಬೆನ್ನಿನಲ್ಲಿ ಫೋಮ್ ಹಲಗೆ, ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದೆ.

ಸಾಮಾನಿಡಲು ಬಾಗಿಲ ಸುತ್ತ ಚಿಕ್ಕದೊಂದು ಅಟ್ಟಣೆ ಮಾತ್ರ ಕಟ್ಟಿದೆ. ತೊಲೆಗಳಿಗೆ ಪ್ಲಾಸ್ಟಿಕ್ ಕಾಲುಗಳನ್ನು ಸ್ಕ್ರೂ ಹೊಡೆದು ಅವುಗಳ ಮೇಲೆ ಹಲಗೆ ಕೂರಿಸಿದೆ. ಹಲಗೆಗೂ ಉಣ್ಣೆಗೂ ನಡುವೆ ಗಾಳಿಯಾಡಲು ಜಾಗವಿದೆ. ಅಟ್ಟಣೆ ಚಿಕ್ಕದಾಗಿರಬೇಕೆಂದು ನಾವಿಬ್ಬರೂ ಮೊದಲೇ ನಿರ್ಧರಿಸಿದ್ದೆವು. ಜಾಗ ಇದ್ದರೆ ಸಾಮಾನು ಬಂದೇ ಬರುತ್ತದೆ.

ಗುತ್ತಿಗೆದಾರರಿಂದ ಮಾಡಿಸುವವರಿಗೆ ಒಂದು ಮಾತು: ಗ್ರೇಟ್ ಬ್ರಿಟನ್‌ನಲ್ಲಿ ಮನೆಗಳಿಗೆ ಇನ್ಸುಲೇಶನ್ ಅಳವಡಿಸಿಕೊಡುವ ಕೆಲಸಕ್ಕೆ 2027ರ ಮಾರ್ಚ್ 31ರವರೆಗೆ ವ್ಯಾಟ್ ಶೂನ್ಯ, ಆದರೆ ನನ್ನಂತೆ ಅಂಗಡಿಯಿಂದ ತಂದು ತಾವೇ ಹಾಸಿದರೆ ಶೇಕಡಾ 20 ಕೊಡಬೇಕು. ಕೊಟೇಶನ್ ಕೇಳುವಾಗ ಸಾಮಾನು ಇಳಿಸುವ ಕೆಲಸ, ಹಳೆಯ ಹಲಗೆ ಬಿಚ್ಚುವ ಕೆಲಸ ಅದರಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಪಡೆದುಕೊಳ್ಳಿ.