ದಸರಾ ಮುಗಿದ ಮೇಲೆ ನೆಟ್ಟರೆ ಮೈಸೂರಿನ ತಾರಸಿಯಲ್ಲೂ ಸ್ಟ್ರಾಬೆರಿ ಬರುತ್ತದೆ

ಮೊದಲ ಸಲ ನಾನು ಸ್ಟ್ರಾಬೆರಿ ಗಿಡ ತಂದದ್ದು ಫೆಬ್ರವರಿಯಲ್ಲಿ. ಗಿಡದಲ್ಲಿ ಆಗಲೇ ಎರಡು ಹಣ್ಣಿತ್ತು, ಅದನ್ನು ನೋಡಿಯೇ ಆಸೆಪಟ್ಟು ಆರು ಗಿಡ ಕೊಂಡೆ. ದಿನಕ್ಕೆ ಎರಡು ಸಲ ನೀರು ಹಾಕಿದರೂ ಏಪ್ರಿಲ್ ಹೊತ್ತಿಗೆ ಆರೂ ಒಣಗಿಹೋದವು. ತಂದ ತಿಂಗಳೇ ತಪ್ಪು.

ಮೈಸೂರಿನಂಥ ಊರಲ್ಲಿ ಇದನ್ನು ಅವರೆಕಾಯಿ ತರಹ ಚಳಿಗಾಲದ ಬೆಳೆ ಅಂತಲೇ ನೋಡಬೇಕು. ಹಗಲು ಕಮ್ಮಿಯಾಗಿ ರಾತ್ರಿ ತಣ್ಣಗಾದಾಗ ಗಿಡ ಹೂ ಬಿಡುತ್ತದೆ, ಬಿಸಿಲು ಏರಿದ ಮೇಲೆ ಹೂ ನಿಂತು ಬರೀ ಬಳ್ಳಿ ಹೊರಡುತ್ತದೆ. ಸ್ಟ್ರಾಬೆರಿಗೆ ಹೆಸರಾದ, ಸುಮಾರು 1,350 ಮೀಟರ್ ಎತ್ತರದಲ್ಲಿರುವ ಮಹಾರಾಷ್ಟ್ರದ ಮಹಾಬಲೇಶ್ವರದಲ್ಲೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಾಟಿ ಮಾಡುತ್ತಾರೆ. ಅದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಎತ್ತರದಲ್ಲಿರುವ ನಾವು ಫೆಬ್ರವರಿಯಲ್ಲಿ ನೆಟ್ಟರೆ ಹೇಗೆ ಉಳಿಯುತ್ತೆ ಹೇಳಿ? ಈಗ ನಾನು ದಸರಾ ಮುಗಿದ ವಾರ ನೆಡುತ್ತೇನೆ. ತಳಿ ವಿಂಟರ್ ಡಾನ್ ಅಥವಾ ಸ್ವೀಟ್ ಚಾರ್ಲಿ. ಎರಡೂ ಫ್ಲಾರಿಡಾದಲ್ಲಿ ಅಭಿವೃದ್ಧಿ ಮಾಡಿದವು, ಅಲ್ಲಿ ಚಳಿಗಾಲವೂ ಬೆಚ್ಚಗೇ ಇರುತ್ತದೆ.

ಎರಡನೇ ವರ್ಷ ಹೋದದ್ದು ಸುಳಿಯಿಂದ. ಎಲೆಗಳೆಲ್ಲ ಹೊರಡುವ ಆ ನಡುಭಾಗ ಮಣ್ಣಿನ ಮಟ್ಟಕ್ಕೇ ಇರಬೇಕು. ಗಿಡ ಅಲ್ಲಾಡಬಾರದು ಅಂತ ನಾನು ಮಣ್ಣು ಏರಿಸಿಬಿಟ್ಟಿದ್ದೆ, ವಾರದಲ್ಲೇ ಕೊಳೆತವು. ತೀರಾ ಮೇಲೆ ಬಿಟ್ಟರೂ ಬೇರು ಒಣಗುತ್ತದೆ. ನೆಟ್ಟು ನೀರು ಹಾಕಿದ ಮೇಲೆ ಮಣ್ಣು ಕುಸಿಯುತ್ತದಲ್ವಾ, ಆಗ ಮತ್ತೊಮ್ಮೆ ಬೆರಳಿಂದ ಮುಟ್ಟಿ ನೋಡಿ.

ಕುಂಡಕ್ಕೆ ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟನ್ನು ಮೂರು ನೀರಲ್ಲಿ ತೊಳೆಯಲೇಬೇಕು, ಈ ಗಿಡಕ್ಕೆ ಉಪ್ಪು ಆಗುವುದಿಲ್ಲ. ಬೋರ್‌ವೆಲ್‌ನ ಗಡಸು ನೀರು ಹಾಕಿದ ಕುಂಡಗಳಲ್ಲಿ ಎಲೆಯಂಚು ಕಂದಾಗಿ ಸುಟ್ಟಿತು, ಕಾವೇರಿ ನೀರಿಗೆ ಬದಲಿಸಿದ ಮೇಲೆ ಬಂದ ಹೊಸ ಎಲೆಗಳು ಚೆನ್ನಾಗಿವೆ. ಮೇಲೆ ಭತ್ತದ ಹುಲ್ಲು ಹೊದಿಸಿದರೆ ಬೇರೂ ತಂಪು, ಹಣ್ಣಿಗೂ ಮಣ್ಣು ತಾಗುವುದಿಲ್ಲ.

ಮೊದಲ ಹಣ್ಣುಗಳು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಗಂಟಾಗಿದ್ದವು. ಹತ್ತಿರ ಹಿಡಿದು ನೋಡಿದರೆ ಆ ಗಂಟಿನ ಕಡೆ ಬೀಜಗಳು ಸಣ್ಣಗೆ ಒತ್ತೊತ್ತಾಗಿ ಕೂತಿದ್ದವು. ಒಂದೊಂದು ಬೀಜಕ್ಕೂ ಪರಾಗ ಸಿಕ್ಕರೆ ಮಾತ್ರ ಅದರ ಸುತ್ತಲಿನ ಭಾಗ ತುಂಬಿಕೊಳ್ಳುತ್ತದೆ. ನಮ್ಮ ಮೂರನೇ ಮಹಡಿಗೆ ಜೇನು ಜಾಸ್ತಿ ಬರುವುದಿಲ್ಲ, ಹಾಗಾಗಿ ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಮಗಳ ಪೇಂಟಿಂಗ್ ಬ್ರಷ್ ತಗೊಂಡು ಅರಳಿದ ಪ್ರತಿ ಹೂವಿನ ನಡುವೆ ಮೆಲ್ಲಗೆ ಸುತ್ತಿಸುತ್ತೇನೆ. ಜನವರಿಯಲ್ಲಿ ಸರಿಯಾದ ಆಕಾರದ ಹಣ್ಣು ಬಂತು. ಬುಡದವರೆಗೆ ಕೆಂಪಾಗುವ ತನಕ ಕೀಳಬೇಡಿ, ಕಿತ್ತ ಮೇಲೆ ಬಣ್ಣ ಏರಬಹುದು, ಸಿಹಿ ಏರುವುದಿಲ್ಲ. ಆದರೆ ಪಿಕಳಾರ ಹಕ್ಕಿ ಅಲ್ಲಿಯವರೆಗೆ ಕಾಯಲ್ಲ, ಬಲೆ ಕಟ್ಟಲೇಬೇಕು.

ಫೆಬ್ರವರಿ ಕೊನೆಗೆ ಎಲೆ ಮಂಕಾದರೆ ಅಡಿಭಾಗ ತಿರುಗಿಸಿ ನೋಡಿ. ನವಿರಾದ ಬಲೆ, ಚುಕ್ಕಿಯಂಥ ಕೆಂಪು ನುಸಿ ಇರುತ್ತದೆ. ಎಲೆಯಡಿಗೆ ಜೋರಾಗಿ ನೀರು ಹೊಡೆದು, ಸಂಜೆ ಬೇವಿನ ಎಣ್ಣೆ ಸಿಂಪಡಿಸುತ್ತೇನೆ.

ಮಾರ್ಚ್ ಆದಮೇಲೆ ಹಣ್ಣಿನ ಆಸೆ ಬಿಡುತ್ತೇನೆ. ಚೆನ್ನಾಗಿರುವ ನಾಲ್ಕು ಗಿಡ ಮಾತ್ರ ನೆಟ್ ಕೆಳಗೆ ನೆರಳಿಗೆ ಹೋಗುತ್ತವೆ. ಮಳೆ ಹಿಡಿದ ಮೇಲೆ ಅವುಗಳ ಬಳ್ಳಿಯ ಮರಿಗಳನ್ನು ಸಣ್ಣ ಕುಂಡಕ್ಕೆ ಒತ್ತಿಡುತ್ತೇನೆ. ಹೋದ ವರ್ಷ ಹೀಗೆ ಒಂಬತ್ತು ಸಸಿ ಉಳಿದವು.