ಆಂಪ್ಲಿಫೈಯರ್ ಕಟ್ಟೋದಕ್ಕೆ ಯಾವ ಸೋಲ್ಡರ್?

ನಾನು ಬಳಸೋದು 63/37. ಅಂದರೆ 63 ಭಾಗ ತವರ, 37 ಭಾಗ ಸೀಸ. ಇದು 183 ಡಿಗ್ರಿಗೆ ಪೂರ್ತಿ ಕರಗುತ್ತೆ, ಅದೇ 183ಕ್ಕೆ ತಟ್ಟನೆ ಗಟ್ಟಿಯಾಗುತ್ತೆ. ಅಂಗಡಿಯಲ್ಲಿ ಬರೀ ‘ಲೆಡ್ ಕೊಡಿ’ ಅಂದರೆ ಹೆಚ್ಚಾಗಿ ಕೈಗೆ ಬರೋದು 60/40. ಅದು 190ರಿಂದ 183ಕ್ಕೆ ಇಳಿಯುವವರೆಗೆ ಅರೆಬರೆ ಗಟ್ಟಿ. ಆಗ ವೈರ್ ಸ್ವಲ್ಪ ಅಲುಗಿದರೂ ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ, ಖಾತ್ರಿ. ಪಿಸಿಬಿಯಲ್ಲಿ (ಸರ್ಕ್ಯೂಟ್ ಬೋರ್ಡ್) ಬಿಡಿಭಾಗದ ಕಾಲು ತಾನೇ ನಿಂತಿರುತ್ತೆ, ಅಲ್ಲಿ 60/40 ನಡೆಯುತ್ತೆ. ವಾಲ್ಯೂಮ್ ಕಂಟ್ರೋಲ್, ಆರ್‌ಸಿಎ ಸಾಕೆಟ್ (ಆಡಿಯೋ ಕೇಬಲ್ ಚುಚ್ಚುವ ಜಾಗ), ಟ್ಯಾಗ್ ಸ್ಟ್ರಿಪ್‌ಗೆ (ವೈರ್ ಬೆಸೆಯುವ ಲೋಹದ ಕಿವಿಗಳ ಪಟ್ಟಿ) ಬೇಡ.

ಬೆಳ್ಳಿ ಸೇರಿದ ಸೋಲ್ಡರ್ ಹಾಕಿದರೆ ಧ್ವನಿ ತಿಳಿಯಾಗುತ್ತೆ ಅನ್ನೋದನ್ನ ನಾನು ಒಪ್ಪಲ್ಲ. 5 ಚದರ ಮಿಲಿಮೀಟರ್ ವಿಸ್ತೀರ್ಣ, 0.1 ಮಿ.ಮೀ. ದಪ್ಪದ ಬೆಸುಗೆಯ ರೋಧ ಸುಮಾರು 3 ಮೈಕ್ರೋ ಓಮ್. ಅದಕ್ಕೆ ಸೇರಿಸಿದ 1.5 ಚದರ ಮಿ.ಮೀ. ತಾಮ್ರದ ವೈರ್ ಮೀಟರಿಗೆ 11 ಮಿಲಿ ಓಮ್ ದಾಟುತ್ತೆ, ಅಂದರೆ ಬೆಸುಗೆಯ ಸಾವಿರಾರು ಪಟ್ಟು. ಲೆಕ್ಕ ಮುಗೀತು. 62/36/2 (ತವರ, ಸೀಸ, ಬೆಳ್ಳಿ) ಬೇಕಾಗೋದು ಬೆಳ್ಳಿ ಲೇಪಿಸಿದ ಟರ್ಮಿನಲ್‌ಗೆ. ಕರಗಿದ ತವರ ಆ ಲೇಪನವನ್ನೇ ತಿಂದುಹಾಕುತ್ತೆ, ಸೋಲ್ಡರ್‌ನಲ್ಲಿ ಮೊದಲೇ ಬೆಳ್ಳಿ ಇದ್ದರೆ ಅದು ನಿಧಾನ.

ದುಡ್ಡು ಹಾಕೋದಾದರೆ ಫ್ಲಕ್ಸ್ ಮೇಲೆ ಹಾಕಿ, ಅಂದರೆ ಲೋಹದ ಮೇಲಿನ ಕಿಲುಬು ತೆಗೆದು ಸೋಲ್ಡರ್ ಹಿಡಿಯುವಂತೆ ಮಾಡುವ ವಸ್ತು. ಒಳಗೆ ರಾಳ ಇರುವ, ‘ಆರ್‌ಎಂಎ’ (ಸೌಮ್ಯ ರಾಳದ ಫ್ಲಕ್ಸ್) ಎಂದು ಬರೆದ ರೀಲ್ ತಗೊಳ್ಳಿ. ಪಿಸಿಬಿಗೆ 0.7 ಮಿ.ಮೀ., ಸ್ಪೀಕರ್ ಟರ್ಮಿನಲ್‌ಗೆ 1.2. ತಗಡು, ಪೈಪ್ ಬೆಸೆಯುವ ಆಸಿಡ್ ಪೇಸ್ಟ್ ಹತ್ತಿರಕ್ಕೂ ಬೇಡ; ಅದರಲ್ಲಿನ ಜಿಂಕ್ ಕ್ಲೋರೈಡ್ ತಾಮ್ರವನ್ನ ಹಸಿರುಗಟ್ಟಿಸುತ್ತೆ. ಮೂಡಿಗೆರೆ, ಶೃಂಗೇರಿ ಕಡೆಯ ಮಳೆಗಾಲದಲ್ಲಂತೂ ಇದು ಬೇಗ ಕಾಣುತ್ತೆ. ತೊಳೆಯಬೇಕಿಲ್ಲ ಅನ್ನೋ ‘ನೋ ಕ್ಲೀನ್’ ಫ್ಲಕ್ಸ್ ಕೂಡ ಪೂರ್ತಿ ಕಾಯದೆ ಉಳಿದರೆ ತೇವ ಹೀರಿ ವಿದ್ಯುತ್ ಸೋರಿಸಬಹುದು. ವಾಲ್ವ್‌ನ ಗ್ರಿಡ್‌ಗೆ (ಸಿಗ್ನಲ್ ಒಳಬರುವ ಕಾಲು) 1 ಮೆಗಾ ಓಮ್ ರೆಸಿಸ್ಟರ್ ಹಾಕಿರೋ ಕಡೆ ಅಷ್ಟು ಸೋರಿಕೆ ಸಾಕು, ಬಯಾಸ್ (ಅಲ್ಲಿ ಸ್ಥಿರವಾಗಿರಬೇಕಾದ ವೋಲ್ಟೇಜ್) ಕದಲುತ್ತೆ, ಚಟಪಟ ಶುರು. 99 ಶೇಕಡ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿ, ಆಗಲೇ ಬಟ್ಟೆಯಲ್ಲಿ ಒರೆಸಬೇಕು. ಒರೆಸದಿದ್ದರೆ ಕರಗಿದ ಫ್ಲಕ್ಸ್ ಬೋರ್ಡ್ ತುಂಬ ಹರಡಿಕೊಳ್ಳುತ್ತೆ.

ಬಿಟ್, ಅಂದರೆ ಐರನ್‌ನ ತುದಿ, 320ರಿಂದ 350 ಡಿಗ್ರಿ ಇರಲಿ. ಎಸ್ಟೇಟ್ ಕಡೆ ಸಂಜೆ ಕರೆಂಟ್ 180 ವೋಲ್ಟ್‌ಗೆ ಇಳಿದರೆ 230 ವೋಲ್ಟ್‌ನ 25 ವ್ಯಾಟ್ ಐರನ್ ಹತ್ತಿರತ್ತಿರ 15 ವ್ಯಾಟ್ ಆಗಿಹೋಗುತ್ತೆ. ಆಗ ಸೋಲ್ಡರನ್ನ ಬೈದು ಪ್ರಯೋಜನವಿಲ್ಲ. ಗ್ರೌಂಡ್‌ನ ದಪ್ಪ ತಾಮ್ರದ ತಂತಿಗಂತೂ 60 ವ್ಯಾಟ್ ಬೇಕೇ ಬೇಕು.

ಆರ್‌ಸಿಎ ಸಾಕೆಟ್ ಬೆಸೆಯುವಾಗ ಒಂದು ಹಳೇ ಪ್ಲಗ್ ಒಳಗೆ ತೂರಿಸಿಟ್ಟುಕೊಳ್ಳಿ. ಪ್ಲಾಸ್ಟಿಕ್ ಮೆತ್ತಗಾದರೂ ನಡುವಿನ ಭಾಗ ಓರೆಯಾಗಲ್ಲ. ವೈರ್, ಟ್ಯಾಗ್ ಎರಡಕ್ಕೂ ಮೊದಲೇ ಸೋಲ್ಡರ್ ಹಚ್ಚಿ. ಐರನ್ ಎರಡನ್ನೂ ಮುಟ್ಟುವಂತಿರಲಿ, ಸೋಲ್ಡರನ್ನ ಬಿಟ್‌ಗೆ ಬದಲು ಟ್ಯಾಗ್‌ಗೆ ತಾಗಿಸಿ. ಹರಿದು ಅಂಚು ತೆಳ್ಳಗಾದರೆ ಹಿಡಿದಿದೆ, ಉಂಡೆ ಕಟ್ಟಿದರೆ ಇಲ್ಲ.

ಕಂಪನಿಯಿಂದ ಬಂದ ಹೊಸ ಬೋರ್ಡ್‌ನಲ್ಲಿ ಸೀಸವಿಲ್ಲದ ಸೋಲ್ಡರ್ ಇರುತ್ತೆ, ಕರಗೋದು 217ರ ಮೇಲೆ. ಅದು ಹುಟ್ಟಾ ಮಂಕು, ಡ್ರೈ ಅಂದುಕೊಂಡು ಸುಮ್ಮನೆ ಕೀಳಬೇಡಿ. ಬದಲಿಸಲೇಬೇಕಾದರೆ ಹಳೇದನ್ನ ವಿಕ್‌ನಿಂದ (ಕರಗಿದ ಸೋಲ್ಡರ್ ಹೀರುವ ತಾಮ್ರದ ಹೆಣಿಗೆ) ಪೂರ್ತಿ ತೆಗೆದು ಆಮೇಲೆ 63/37 ಹಾಕಿ. ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಹೊಗೆ ರಾಳದ್ದು, ಸೀಸ ಇರೋದು ಬೆರಳಿನಲ್ಲಿ.